ಪಿಟ್ಯುಟರಿಯ ಮಾತನ್ನು ಒಂದೊಂದಾಗಿ ತಡೆದವರು

ಎನ್. ಆರ್. ಮೌದ್ಗಲ್ ಎಂಬ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಸಂತಾನ ನಿಯಂತ್ರಣದ ಕುರಿತ ಒಂದು ಇಂಗ್ಲಿಷ್ ಲೇಖನದ ಕೊನೆಯ ಪುಟಗಳಲ್ಲಿ. ಅಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಎನ್ ಎಂದರೆ ನುಗ್ಗೇಹಳ್ಳಿ, ಆರ್ ಎಂದರೆ ರಘುವೀರ ಎಂದು ತಿಳಿದ ಮೇಲೆ ಆ ಪುಟವನ್ನು ಮಗುಚಿ ಮುಂದೆ ಹೋಗಲು ಆಗಲಿಲ್ಲ. ಹಾಸನದ ಕಡೆಯವರಿಗೆ ನುಗ್ಗೇಹಳ್ಳಿ ಎಂದರೆ ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿ ಇರುವ ಊರು. ಆ ಗುಡಿಯ ಗೋಡೆಯಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳು ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಬಿಟ್ಟುಹೋಗಿದ್ದಾರೆ. ಹಾಗಾಗಿ ಯಾವುದು ಯಾರ ಕೈಕೆಲಸ ಎಂದು ಏಳೂವರೆ ಶತಮಾನ ಕಳೆದರೂ ಬೇರೆ ಮಾಡಿ ಹೇಳಬಹುದು. ವಿಜ್ಞಾನದ ಪ್ರಬಂಧಗಳಲ್ಲೂ ಹೆಸರು ಹೀಗೇ ಉಳಿಯುತ್ತದೆ, ಓದುವವರು ಬೇಕು ಅಷ್ಟೆ.

ಹೆಸರಿನಲ್ಲಿ ಊರಿದ್ದ ಮಾತ್ರಕ್ಕೆ ಅವರನ್ನು ನಮ್ಮ ಜಿಲ್ಲೆಯ ಲೆಕ್ಕಕ್ಕೆ ಬರೆದುಕೊಳ್ಳುವುದು ಸರಿಯಲ್ಲ. ಅವರು ದುಡಿದ ನೆಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. 1931ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಅವರಿಗೆ 1976ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಪ್ರಶಸ್ತಿಯ ಪಟ್ಟಿಯಿಂದ ಇಷ್ಟು ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಅವರ ಪ್ರಬಂಧಗಳನ್ನೇ ವರ್ಷವಾರು ಜೋಡಿಸಿಕೊಂಡು ಓದಬೇಕು. ಹಾಗೆ ಓದುತ್ತಾ ಹೋದಂತೆ ಒಬ್ಬ ವ್ಯಕ್ತಿಯ ಕಥೆಗಿಂತ ಒಂದು ಗ್ರಂಥಿಯ ಕಥೆ ಬಿಚ್ಚಿಕೊಳ್ಳತೊಡಗಿತು. ಮೂಗಿನ ಬುಡದ ಹಿಂದೆ, ಮಿದುಳಿನ ತಳದಲ್ಲಿ, ಮೂಳೆಯ ಪುಟ್ಟ ಗುಳಿಯೊಂದರಲ್ಲಿ ಕೂತಿರುವ, ಅರ್ಧ ಗ್ರಾಮ್ ತೂಗುವ ಪಿಟ್ಯುಟರಿಯ ಕಥೆ.

ನನಗೆ ಸಿಕ್ಕ ಮೊದಲ ದಾಖಲೆಯಲ್ಲಿ ಪಿಟ್ಯುಟರಿ ಇರಲಿಲ್ಲ, ಕಡಲೆಕಾಯಿ ಇತ್ತು. 1957ರ ‘ಜರ್ನಲ್ ಆಫ್ ನ್ಯೂಟ್ರಿಷನ್’ನಲ್ಲಿ ಶ್ರೀನಿವಾಸನ್, ಮೌದ್ಗಲ್ ಮತ್ತು ಪಿ. ಎಸ್. ಶರ್ಮ ಬರೆದ ಪ್ರಬಂಧ. ಕಡಲೆಕಾಯಿಯನ್ನೇ ಹೆಚ್ಚಾಗಿ ತಿನ್ನಿಸಿದ ಇಲಿಗಳಲ್ಲಿ ಥೈರಾಯ್ಡ್ ಗ್ರಂಥಿ ಊದಿಕೊಂಡಿತು ಎನ್ನುವುದು ಅದರ ಸಾರ. ಮರುವರ್ಷ ಅದೇ ಪತ್ರಿಕೆಯಲ್ಲಿ ಮೌದ್ಗಲ್, ರಘುಪತಿ ಮತ್ತು ಶರ್ಮರ ಇನ್ನೊಂದು ಪ್ರಬಂಧ. ಬೀಜದ ಮೇಲಿನ ಕೆಂಪು ಸಿಪ್ಪೆಯಲ್ಲಿರುವ ಒಂದು ಗ್ಲೈಕೊಸೈಡ್ ಇದಕ್ಕೆ ಕಾರಣ, ಅದರಿಂದ ಹುಟ್ಟುವ ಫೀನಾಲುಗಳು ಥೈರಾಯ್ಡಿಗೆ ಸಲ್ಲಬೇಕಾದ ಅಯೋಡಿನ್ನನ್ನು ತಾವೇ ಕಬಳಿಸುತ್ತವೆ ಎಂಬ ತರ್ಕ. ಇಲಿಗಳಿಗೆ ಅಯೋಡಿನ್ ಒದಗಿಸಿದರೆ ಊತ ತಗ್ಗುತ್ತಿತ್ತು. ಇದನ್ನು ಓದಿ ಯಾರೂ ಕಡಲೆಕಾಯಿ ಬಿಡಬೇಕಾಗಿಲ್ಲ. ಇಲಿಗೆ ಕೊಟ್ಟ ಪ್ರಮಾಣವೇ ಬೇರೆ, ಅಯೋಡಿನ್ ಬೆರೆಸಿದ ಉಪ್ಪು ಉಣ್ಣುವ ಮನೆಯ ಲೆಕ್ಕವೇ ಬೇರೆ.

ನನಗೆ ಮುಖ್ಯವಾಗಿ ಕಂಡದ್ದು ಆ ಊತ. ಕೆಲಸಕ್ಕೆ ಬೇಕಾದ ಸಾಮಗ್ರಿ ಸಿಗದ ಗ್ರಂಥಿ ಸೊರಗಬೇಕಿತ್ತಲ್ಲ, ದಪ್ಪವಾದದ್ದೇಕೆ? ಉತ್ತರ ಕತ್ತಿನಲ್ಲಿಲ್ಲ, ತಲೆಯೊಳಗಿದೆ. ಪಿಟ್ಯುಟರಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಥೈರಾಯ್ಡ್ ಅದನ್ನು ಕೇಳಿ ತನ್ನ ಹಾರ್ಮೋನನ್ನು ಸುರಿಸುತ್ತದೆ. ಆ ಹಾರ್ಮೋನು ರಕ್ತದಲ್ಲಿ ಸಾಕಷ್ಟಾದದ್ದು ಪಿಟ್ಯುಟರಿಗೂ ಅದರ ಮೇಲಿನ ಹೈಪೋಥಲಮಸ್ಸಿಗೂ ತಿಳಿಯುತ್ತದೆ, ಟಿಎಸ್‌ಎಚ್ ಇಳಿಯುತ್ತದೆ. ಅಯೋಡಿನ್ ಇಲ್ಲದೆ ಥೈರಾಯ್ಡ್ ಹಾರ್ಮೋನು ಕಮ್ಮಿಯಾದರೆ ಪಿಟ್ಯುಟರಿ ಸುಮ್ಮನಿರುವುದಿಲ್ಲ, ಟಿಎಸ್‌ಎಚ್ ಏರಿಸುತ್ತಲೇ ಹೋಗುತ್ತದೆ. ಆ ಒತ್ತಾಯಕ್ಕೆ ಥೈರಾಯ್ಡಿನ ಕೋಶಗಳು ಬೆಳೆದು ಗಳಗಂಡವಾಗುತ್ತದೆ. ಹಾಸನದಲ್ಲಾಗಲಿ ಹೊಳೆನರಸೀಪುರದಲ್ಲಾಗಲಿ ಲ್ಯಾಬಿನಿಂದ ರಿಪೋರ್ಟ್ ತಂದವರು ‘ಟಿಎಸ್‌ಎಚ್ ಜಾಸ್ತಿ ಇದೆ, ಅಂದರೆ ಥೈರಾಯ್ಡ್ ಜಾಸ್ತಿಯಾಗಿದೆ’ ಎಂದು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಸಾಮಾನ್ಯವಾಗಿ ಅದರ ಅರ್ಥ ತಿರುಗಾಮುರುಗ. ಥೈರಾಯ್ಡ್ ಸೋತಿದೆ, ಪಿಟ್ಯುಟರಿ ಕೂಗುತ್ತಿದೆ. ಪಿಟ್ಯುಟರಿ ಆಜ್ಞೆ ಕೊಡುವ ಗ್ರಂಥಿ ಎಂದು ಶಾಲೆಯಲ್ಲಿ ಕಲಿತೆವು. ಆಜ್ಞೆ ಕೊಡುವಷ್ಟೇ ಹೊತ್ತು ಅದು ಕೇಳಿಸಿಕೊಳ್ಳುತ್ತಲೂ ಇರುತ್ತದೆ ಎಂಬುದನ್ನು ಆ ಇಲಿಗಳ ಊದಿದ ಕತ್ತು ಹೇಳುತ್ತಿತ್ತು.

ಮುಂದಿನ ದಾಖಲೆಗಳು ಕ್ಯಾಲಿಫೋರ್ನಿಯದಿಂದ. 1961ರ ಪ್ರಬಂಧಗಳಲ್ಲಿ ಮೌದ್ಗಲ್ ಹೆಸರಿನ ಪಕ್ಕದಲ್ಲಿ ಸಿ. ಎಚ್. ಲೀ ಹೆಸರಿದೆ. ಬರ್ಕ್‌ಲಿಯಲ್ಲಿ ಚೋ ಹಾವ್ ಲೀ ಅವರ ಪ್ರಯೋಗಾಲಯವೆಂದರೆ ಆ ಕಾಲಕ್ಕೆ ಪಿಟ್ಯುಟರಿ ರಸಾಯನದ ತವರು. ಕಸಾಯಿಖಾನೆಯಿಂದ ತಂದ ದನ, ಕುರಿಗಳ ಪಿಟ್ಯುಟರಿ ಅರೆದು, ಸೋಸಿ, ಒಂದೊಂದೇ ಹಾರ್ಮೋನನ್ನು ಶುದ್ಧಮಾಡಿ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. ಆ ಶುದ್ಧ ಹಾರ್ಮೋನುಗಳಿಗೆ ಪ್ರತಿಕಾಯ ಹುಟ್ಟಿಸುವ ಕೆಲಸ ಮೌದ್ಗಲ್ ಅವರದಾಯಿತು. ನನ್ನ ಅಂದಾಜಿನಲ್ಲಿ ಅವರ ಮುಂದಿನ ಬದುಕನ್ನೆಲ್ಲ ನಡೆಸಿದ ಉಪಾಯ ಕೈಗೆ ಬಂದದ್ದು ಇಲ್ಲಿ.

ಆ ಉಪಾಯದ ಬೆಲೆ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಸ್ಥಿತಿ ನೋಡಬೇಕು. 1920ರ ದಶಕದ ಕೊನೆಗೆ ಅಮೆರಿಕದ ಪಿ. ಇ. ಸ್ಮಿತ್ ಇಲಿಯ ಮಿದುಳಿಗೆ ಗಾಯವಾಗದಂತೆ ಪಿಟ್ಯುಟರಿಯನ್ನು ಕಿತ್ತು ತೆಗೆಯುವ ಶಸ್ತ್ರಕ್ರಿಯೆ ಸಾಧಿಸಿದರು. ಇಲಿ ಬೆಳೆಯುವುದು ನಿಂತಿತು. ಥೈರಾಯ್ಡ್ ಕುಗ್ಗಿತು, ಅಡ್ರಿನಲ್ ಕುಗ್ಗಿತು, ಅಂಡಾಶಯ ಮತ್ತು ವೃಷಣ ಕುಗ್ಗಿದವು. ಗ್ರಂಥಿಯ ಹರವು ಎಷ್ಟು ದೊಡ್ಡದೆಂದು ಜಗತ್ತಿಗೆ ತಿಳಿದದ್ದು ಹಾಗೆ. ಆದರೆ ಆ ಇಲಿಯಲ್ಲಿ ಎಲ್ಲವೂ ಒಟ್ಟಿಗೆ ನಿಂತುಹೋಗಿರುತ್ತದೆ. ಗ್ರಂಥಿಯ ಮುಂಭಾಗದಿಂದಲೇ ಬೆಳವಣಿಗೆಯ ಹಾರ್ಮೋನು, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್, ಎಸಿಟಿಎಚ್, ಎಲ್‌ಎಚ್, ಎಫ್‌ಎಸ್‌ಎಚ್ ಹೊರಡುತ್ತವೆ. ಹಿಂಭಾಗದಿಂದ ಆಕ್ಸಿಟೋಸಿನ್, ವ್ಯಾಸೊಪ್ರೆಸಿನ್ ಹೊರಬೀಳುತ್ತವೆ, ಅವೆರಡು ತಯಾರಾಗುವುದು ಹೈಪೋಥಲಮಸ್ಸಿನಲ್ಲಿ. ಗ್ರಂಥಿಯನ್ನೇ ಕಿತ್ತ ಮೇಲೆ ಯಾವ ನಷ್ಟ ಯಾವ ಹಾರ್ಮೋನಿನದು ಎಂದು ಬಿಡಿಸುವುದು ಹೇಗೆ?

ಪ್ರತಿಕಾಯ ಆ ಗಂಟು ಬಿಡಿಸಿತು. ಕುರಿಯ ಎಲ್‌ಎಚ್ ಚುಚ್ಚಿದ ಮೊಲ ಅದನ್ನು ಹೊರಗಿನದೆಂದು ಗುರುತಿಸಿ ಪ್ರತಿಕಾಯ ಮಾಡುತ್ತದೆ. ಮೊಲದ ಆ ರಕ್ತಸಾರವನ್ನು ಇಲಿಗೆ ಕೊಟ್ಟರೆ, ಕುರಿಯದಕ್ಕೂ ಇಲಿಯದಕ್ಕೂ ಇರುವ ಹೋಲಿಕೆಯಿಂದಾಗಿ, ಇಲಿಯ ಸ್ವಂತ ಎಲ್‌ಎಚ್ ರಕ್ತದಲ್ಲೇ ಸಿಕ್ಕಿಬಿದ್ದು ನಿಷ್ಕ್ರಿಯವಾಗುತ್ತದೆ. ಪಿಟ್ಯುಟರಿ ಇದ್ದಲ್ಲೇ ಇದೆ, ಉಳಿದ ಹಾರ್ಮೋನುಗಳು ಎಂದಿನಂತೆ ಹರಿಯುತ್ತಿವೆ. ಒಂದು ಮಾತು ಮಾತ್ರ ತಲುಪುತ್ತಿಲ್ಲ. ಕತ್ತಿ ಹಿಡಿಯದೆ, ಬೇಕಾದ ದಿನ, ಬೇಕಾದ ಹೊತ್ತಿಗೆ ಇದನ್ನು ಮಾಡಬಹುದು.

ಹೇಳಿದಷ್ಟು ಸುಲಭವಲ್ಲ. ಎಲ್‌ಎಚ್, ಎಫ್‌ಎಸ್‌ಎಚ್, ಟಿಎಸ್‌ಎಚ್ ಮೂರೂ ಎರಡೆರಡು ತುಂಡುಗಳ ಪ್ರೋಟೀನುಗಳು. ಆಲ್ಫಾ ತುಂಡು ಮೂರರಲ್ಲೂ ಒಂದೇ, ಬೀಟಾ ಮಾತ್ರ ಬೇರೆ. ಗರ್ಭಿಣಿಯರಲ್ಲಿ ಹುಟ್ಟುವ ಎಚ್‌ಸಿಜಿಯಲ್ಲಿಯೂ ಅದೇ ಆಲ್ಫಾ ಇದೆ. ಹಾಗಾಗಿ ಒಂದಕ್ಕೆಂದು ಮಾಡಿದ ಪ್ರತಿಕಾಯ ಇನ್ನೊಂದನ್ನೂ ಹಿಡಿದುಬಿಟ್ಟರೆ ಇಡೀ ಪ್ರಯೋಗ ಸುಳ್ಳಾಗುತ್ತದೆ. ಆ ಕಾಲದ ಪ್ರಬಂಧಗಳನ್ನು ಓದುವಾಗ ಫಲಿತಾಂಶದ ಭಾಗಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದಿಟ್ಟದ್ದು ವಿಧಾನದ ಭಾಗ. ತಮ್ಮ ಪ್ರತಿಕಾಯ ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂಬ ಪರೀಕ್ಷೆಯಲ್ಲಿ ವಿಜ್ಞಾನಿಯ ನಿಯತ್ತು ಕಾಣುತ್ತದೆ.

ಬೆಂಗಳೂರಿಗೆ ಮರಳಿದ ಮೇಲಿನ ಪ್ರಬಂಧಗಳಲ್ಲಿ ಹೊಸ ಹೆಸರುಗಳು ಜೊತೆಯಾಗುತ್ತವೆ: ಎಚ್. ಜಿ. ಮಧ್ವರಾಜ್, ಎಂ. ಆರ್. ಸಾಯಿರಾಂ, ಶೀಲಾ ರಾಣಿ, ಎ. ಜೆ. ರಾವ್. 1968ರಲ್ಲಿ ಮಧ್ವರಾಜ್, ಸಾಯಿರಾಂ, ಮೌದ್ಗಲ್ ಸೇರಿ ಇಲಿಯ ಗರ್ಭಕೋಶದಲ್ಲಿ ಭ್ರೂಣ ನೆಲೆಯೂರುವುದಕ್ಕೆ ಎಲ್‌ಎಚ್ ಬೇಕು ಎಂದು ತೋರಿಸಿದರು. 1970ರಲ್ಲಿ ಮಧ್ವರಾಜ್ ಮತ್ತು ಮೌದ್ಗಲ್ ‘ಎಂಡೊಕ್ರೈನಾಲಜಿ’ ಪತ್ರಿಕೆಯಲ್ಲಿ ಬರೆದದ್ದು ಇನ್ನೂ ಮಹತ್ವದ್ದು. ಗಬ್ಬದ ಇಲಿಗೆ ಮೊದಲರ್ಧದಲ್ಲಿ ಎಲ್‌ಎಚ್ ಪ್ರತಿಕಾಯ ಕೊಟ್ಟರೆ ಗರ್ಭ ನಿಲ್ಲದು. ಜೊತೆಗೆ ಪ್ರೊಜೆಸ್ಟಿರಾನ್ ಕೊಟ್ಟರೆ ನಿಲ್ಲುತ್ತದೆ. ಎರಡನೇ ಅರ್ಧದಲ್ಲಿ ಅದೇ ಪ್ರತಿಕಾಯದಿಂದ ಏನೂ ಆಗದು, ಅಷ್ಟು ಹೊತ್ತಿಗೆ ಮಾಸು ಆ ಹೊಣೆ ಹೊತ್ತಿರುತ್ತದೆ. ಅಂಡ ಹೊರಬಿದ್ದ ಜಾಗದಲ್ಲಿ ಬೆಳೆಯುವ ಕಾರ್ಪಸ್ ಲ್ಯೂಟಿಯಂ ಪ್ರೊಜೆಸ್ಟಿರಾನ್ ಸುರಿಸಿ ಗರ್ಭ ಕಾಯುತ್ತದೆ ಎಂಬುದು ಗೊತ್ತಿತ್ತು. ಇಲಿಯಲ್ಲಿ ಅದನ್ನು ನಡೆಸುವುದು ಪ್ರೊಲ್ಯಾಕ್ಟಿನ್ ಎಂಬುದೇ ಅಲ್ಲಿಯವರೆಗಿನ ಪ್ರಬಲ ನಂಬಿಕೆ. ಎಲ್‌ಎಚ್ ಇಲ್ಲದೆ ಪ್ರೊಲ್ಯಾಕ್ಟಿನ್ ಒಂದರಿಂದಲೇ ಅದು ನಡೆಯದು ಎಂದು ಬೆಂಗಳೂರಿನ ಈ ಪ್ರಯೋಗ ಹೇಳಿತು. ಹಾರ್ವರ್ಡ್‌ನ ರಾಯ್ ಗ್ರೀಪ್, ಮ್ಯಾಕ್‌ಡೊನಾಲ್ಡ್ ಜೊತೆ 1971 ಮತ್ತು 1972ರಲ್ಲಿ ಬಂದ ಪ್ರಬಂಧಗಳು ಇದೇ ಪ್ರಶ್ನೆಯನ್ನು ಕೋತಿಗಳಿಗೆ ಒಯ್ದವು. 1974ರಲ್ಲಿ ಮೌದ್ಗಲ್ ಸಂಪಾದಿಸಿದ ‘ಗೊನಾಡೊಟ್ರೋಪಿನ್ಸ್ ಅಂಡ್ ಗೊನಾಡಲ್ ಫಂಕ್ಷನ್’ ಎಂಬ ದಪ್ಪ ಗ್ರಂಥ ಹೊರಬಂತು.

ಇಷ್ಟು ಓದಿದ ಮೇಲೆ ನಮ್ಮ ಕಡೆಯ ಕೊಟ್ಟಿಗೆ ನನಗೆ ಬೇರೆಯಾಗಿ ಕಾಣತೊಡಗಿತು. ಚನ್ನರಾಯಪಟ್ಟಣ, ಅರಕಲಗೂಡು ಕಡೆ ಡೇರಿಗೆ ಹಾಲು ಹಾಕುವ ಹೆಂಗಸರಿಗೆ ಒಂದು ಸೂತ್ರ ಬಾಯಿಪಾಠ. ಹಸು ಬೆಳಿಗ್ಗೆ ಬೆದೆಗೆ ಬಂದದ್ದು ಕಂಡರೆ ಸಂಜೆ ಸೂಜಿ ಕೊಡಿಸಬೇಕು, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಈ ಸೂತ್ರದ ಹಿಂದೆ ಇರುವುದು ಎಲ್‌ಎಚ್. ಎಫ್‌ಎಸ್‌ಎಚ್ ಪ್ರಚೋದನೆಯಿಂದ ಅಂಡಾಶಯದಲ್ಲಿ ಅಂಡದ ಕೋಶ ಬೆಳೆಯುತ್ತದೆ, ಬೆಳೆದ ಕೋಶ ಈಸ್ಟ್ರೊಜೆನ್ ಸುರಿಸುತ್ತದೆ, ಹಸು ಬೆದೆಗೆ ಬಂದು ಅರಚುತ್ತದೆ. ಸಾಮಾನ್ಯವಾಗಿ ಪಿಟ್ಯುಟರಿಯನ್ನು ಅಡಗಿಸುವ ಅದೇ ಈಸ್ಟ್ರೊಜೆನ್, ಒಂದು ಮಟ್ಟ ದಾಟಿ ನಿಂತಾಗ, ಅದನ್ನು ಕೆರಳಿಸುತ್ತದೆ. ಪಿಟ್ಯುಟರಿ ಒಮ್ಮೆಲೇ ಎಲ್‌ಎಚ್ ಉಕ್ಕಿಸುತ್ತದೆ. ಬೆದೆ ಕಂಡ ಸುಮಾರು ಒಂದು ದಿನದ ಮೇಲೆ ಅಂಡ ಹೊರಬೀಳುತ್ತದೆ. ಹತ್ತು ಹನ್ನೆರಡು ಗಂಟೆ ಕಾದು ವೀರ್ಯ ಕೊಟ್ಟರೆ ಎರಡೂ ಸಂಧಿಸುತ್ತವೆ. ಪದೇಪದೇ ಸೂಜಿ ಕೊಡಿಸಿದರೂ ಗಬ್ಬ ನಿಲ್ಲದ ಹಸುವಿಗೆ ಪಶುವೈದ್ಯರು ಕೆಲವೊಮ್ಮೆ ಕೊಡುವ ಇನ್ನೊಂದು ಇಂಜೆಕ್ಷನ್ನು, ಹೈಪೋಥಲಮಸ್ಸಿನ ಸಂದೇಶವನ್ನು ಅನುಕರಿಸಿ ಪಿಟ್ಯುಟರಿಯಿಂದ ಎಲ್‌ಎಚ್ ಹೊರಡಿಸುವಂಥದ್ದು. ಹೈಪೋಥಲಮಸ್ಸಿನ ಆ ಸಂದೇಶದ ರಚನೆ ಬಿಡಿಸಿದ ಶ್ಯಾಲಿ ಮತ್ತು ಗಿಲ್ಮಾ, ಹಾರ್ಮೋನುಗಳನ್ನು ಪ್ರತಿಕಾಯದಿಂದಲೇ ಅಳೆಯುವ ವಿಧಾನ ಕಂಡುಹಿಡಿದ ರೊಸಾಲಿನ್ ಯಾಲೋ, ಮೂವರೂ 1977ರ ನೊಬೆಲ್ ಹಂಚಿಕೊಂಡರು.

ಕೆರೆಯಲ್ಲೂ ಇದೇ ಕಥೆ. ಕಟ್ಲಾ, ರೋಹು, ಮೃಗಾಲ್ ಮೀನುಗಳು ಹರಿವ ಹೊಳೆಯ ಮಳೆಗಾಲದ ನೆರೆಯಲ್ಲಿ ಮೊಟ್ಟೆ ಇಡುತ್ತವೆ, ನಿಂತ ನೀರಿನ ಕೆರೆಯಲ್ಲಿ ಇಡುವುದಿಲ್ಲ. ಮೊಟ್ಟೆ ಹೊಟ್ಟೆಯಲ್ಲಿ ತಯಾರಾಗಿರುತ್ತದೆ, ಹೊರಡಿಸುವ ಅಪ್ಪಣೆ ಪಿಟ್ಯುಟರಿಯಿಂದ ಬರುವುದಿಲ್ಲ. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧರಿ ಮೀನಿನ ಪಿಟ್ಯುಟರಿಯನ್ನೇ ಅರೆದು ಇನ್ನೊಂದು ಮೀನಿಗೆ ಚುಚ್ಚಿ ಈ ಗೆಂಡೆಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಇಂದು ದೇಶ ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ಹೇಮಾವತಿ ಸೀಮೆಯ ಕೆರೆಗಳಿಗೆ ಬಿಡುವ ಮೀನುಮರಿಯ ಹಿಂದೆಯೂ ಹೀಗೊಂದು ಹಾರ್ಮೋನ್ ಚುಚ್ಚುಮದ್ದು ಇರುತ್ತದೆ. ಕಟಕ್‌ನಲ್ಲಿ ಚೌಧರಿಯವರು ಪಿಟ್ಯುಟರಿಯ ಮಾತನ್ನು ಸೇರಿಸಿ ಅದರ ಕೆಲಸ ತೋರಿಸಿದರು, ಬೆಂಗಳೂರಿನಲ್ಲಿ ಮೌದ್ಗಲ್ ಅದನ್ನು ತಡೆದು ತೋರಿಸಿದರು. ಕಟಕ್‌ನ ಆ ಇಂಜೆಕ್ಷನ್ನೂ ಕಡಲೆಕಾಯಿಯ ಪ್ರಬಂಧವೂ ಒಂದೇ ವರ್ಷದವು.

ದಾಖಲೆಗಳಲ್ಲಿ ನನ್ನನ್ನು ಬಹಳ ಕಾಲ ಕೂರಿಸಿದ್ದು ಕೊನೆಯ ಅಧ್ಯಾಯ. ಗಂಡಿನಲ್ಲಿ ಎಲ್‌ಎಚ್ ವೃಷಣದ ಲೈಡಿಗ್ ಕೋಶಗಳಿಂದ ಟೆಸ್ಟೊಸ್ಟಿರಾನ್ ಹೊರಡಿಸುತ್ತದೆ. ಎಫ್‌ಎಸ್‌ಎಚ್ ಸರ್ಟೋಲಿ ಕೋಶಗಳನ್ನು ಪ್ರಚೋದಿಸುತ್ತದೆ, ವೀರ್ಯಾಣುಗಳನ್ನು ಸಾಕುವ ಕೋಶಗಳು ಅವು. ಹಾಗಾದರೆ ಎಲ್‌ಎಚ್ ಮುಟ್ಟದೆ ಎಫ್‌ಎಸ್‌ಎಚ್ ಒಂದನ್ನೇ ತಡೆದರೆ? ಗಂಡಸುತನಕ್ಕೆ ಬೇಕಾದ ಟೆಸ್ಟೊಸ್ಟಿರಾನ್ ಹಾಗೇ ಇರುತ್ತದೆ, ವೀರ್ಯಾಣು ಮಾತ್ರ ಕುಂದುತ್ತದೆ. ಸಂತಾನ ನಿಯಂತ್ರಣದ ಭಾರವೆಲ್ಲ ಹೆಂಗಸಿನ ಮೈಮೇಲೆ ಬಿದ್ದಿರುವ ದೇಶದಲ್ಲಿ ಗಂಡಸಿಗೊಂದು ಲಸಿಕೆ. ದೆಹಲಿಯಲ್ಲಿ ಜಿ. ಪಿ. ತಲ್ವಾರ್ ಎಚ್‌ಸಿಜಿ ವಿರುದ್ಧ ಹೆಂಗಸರ ಲಸಿಕೆಗೆ ದುಡಿಯುತ್ತಿದ್ದ ಕಾಲದಲ್ಲಿಯೇ ಬೆಂಗಳೂರು ಈ ದಾರಿ ಹಿಡಿದದ್ದು ನನಗೆ ದೊಡ್ಡ ವಿಚಾರವಾಗಿ ಕಾಣುತ್ತದೆ.

ಪ್ರಯೋಗಕ್ಕೆ ಆರಿಸಿಕೊಂಡದ್ದು ನಮ್ಮ ಗುಡಿ, ಸಂತೆ, ರಸ್ತೆಬದಿಯಲ್ಲಿ ಕಾಣುವ ಬಾನೆಟ್ ಕೋತಿಯನ್ನು. ಗಂಡು ಕೋತಿಗಳಿಗೆ ಕುರಿಯ ಎಫ್‌ಎಸ್‌ಎಚ್ ಅನ್ನು ಲಸಿಕೆಯಾಗಿ ಕೊಟ್ಟರು, ಕೋತಿಯ ಮೈ ತಾನೇ ಪ್ರತಿಕಾಯ ಮಾಡಿಕೊಂಡಿತು. 1992ರಲ್ಲಿ ಪ್ರಕಟವಾದ ದೀರ್ಘಕಾಲದ ಫಲಿತಾಂಶದಲ್ಲಿ ವೀರ್ಯಾಣು ಇಳಿದಿತ್ತು, ಟೆಸ್ಟೊಸ್ಟಿರಾನ್ ಇಳಿದಿರಲಿಲ್ಲ, ಫಲವಂತ ಹೆಣ್ಣುಗಳ ಜೊತೆ ಬಿಟ್ಟರೂ ಗಬ್ಬ ನಿಲ್ಲಲಿಲ್ಲ, ಪ್ರತಿಕಾಯ ಇಳಿದ ಮೇಲೆ ಫಲವಂತಿಕೆ ಮರಳಿತು.

ಆಮೇಲೆ 1997. ಆ ವರ್ಷದ ಮೂರು ಪ್ರಬಂಧಗಳನ್ನು ಒಂದರ ಪಕ್ಕ ಒಂದಿಟ್ಟು ಓದಬೇಕು. ಮೊದಲನೆಯದು ‘ಹ್ಯೂಮನ್ ರಿಪ್ರೊಡಕ್ಷನ್’ನಲ್ಲಿ ಮೌದ್ಗಲ್ ತಂಡದ್ದು. ಐವರು ಪುರುಷ ಸ್ವಯಂಸೇವಕರಿಗೆ ಲಸಿಕೆ ಕೊಟ್ಟ ಮೊದಲ ಸಣ್ಣ ಪರೀಕ್ಷೆ. ಪ್ರತಿಕಾಯ ಹುಟ್ಟಿತು, ತೊಂದರೆಯಾಗಲಿಲ್ಲ, ವೀರ್ಯಾಣು ಇಳಿಯಿತು, ಆದರೆ ಸೊನ್ನೆಯಾಗಲಿಲ್ಲ. ಎರಡನೆಯದು ಹ್ಯೂಸ್ಟನ್ನಿನ ಪ್ರಯೋಗಾಲಯದಿಂದ ‘ನೇಚರ್ ಜೆನೆಟಿಕ್ಸ್’ನಲ್ಲಿ ಬಂದದ್ದು. ಟಿ. ರಾಜೇಂದ್ರ ಕುಮಾರ್, ಮಾರ್ಟಿನ್ ಮಾಟ್ಜುಕ್ ಮತ್ತು ಸಂಗಡಿಗರು ಎಫ್‌ಎಸ್‌ಎಚ್ ಬೀಟಾ ಜೀನನ್ನೇ ತೆಗೆದ ಇಲಿಮರಿಗಳನ್ನು ಹುಟ್ಟಿಸಿದ್ದರು. ಹೆಣ್ಣುಗಳು ಬಂಜೆಯಾದವು, ಗಂಡುಗಳ ವೃಷಣ ಸಣ್ಣದಾಗಿದ್ದರೂ ಅವು ಮರಿ ಹುಟ್ಟಿಸಿದವು. ಮೂರನೆಯದು ಅದೇ ಪತ್ರಿಕೆಯಲ್ಲಿ ಫಿನ್ಲೆಂಡಿನ ಟಪನೈನೆನ್ ತಂಡದ್ದು. ಎಫ್‌ಎಸ್‌ಎಚ್ ಹಿಡಿಯುವ ಗ್ರಾಹಕವೇ ಹುಟ್ಟಿನಿಂದ ಕೆಟ್ಟಿದ್ದ ಐವರು ಗಂಡಸರಲ್ಲಿ ವೀರ್ಯಾಣು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿತ್ತು, ಆದರೂ ಇಬ್ಬರು ತಂದೆಯಾಗಿದ್ದರು.

ಹತ್ತಾರು ವರ್ಷ ಕಟ್ಟಿದ ಲಸಿಕೆಯ ಬುಡಕ್ಕೇ ಬಿದ್ದ ಪೆಟ್ಟು ಅದು. ಎಫ್‌ಎಸ್‌ಎಚ್ ಇಲ್ಲದೆಯೂ ಗಂಡು ತಂದೆಯಾಗಬಹುದಾದರೆ ಅದನ್ನು ತಡೆದು ಗರ್ಭಧಾರಣೆ ತಪ್ಪಿಸುವ ಭರವಸೆ ಎಲ್ಲಿಯದು? ನಾನು ಮುಂದಿನ ವರ್ಷದ ಪತ್ರಿಕೆಗಳನ್ನು ಹುಡುಕಿದೆ. 1998ರಲ್ಲಿ ಮೌದ್ಗಲ್ ತಮ್ಮ ಹಳೆಯ ಶಿಷ್ಯ, ಆಗ ಮಾಂಟ್ರಿಯಲ್‌ನಲ್ಲಿದ್ದ ಸಾಯಿರಾಂ ಜೊತೆ ಸೇರಿ ‘ಹ್ಯೂಮನ್ ರಿಪ್ರೊಡಕ್ಷನ್’ನಲ್ಲಿ ಉತ್ತರಿಸಿದ್ದರು. ಶೀರ್ಷಿಕೆಯೇ ಒಂದು ಪ್ರಶ್ನೆ: ಕಪಿ-ಮಾನವ ವರ್ಗದಲ್ಲಿ ವೀರ್ಯಾಣು ಉತ್ಪತ್ತಿಗೂ ಫಲವಂತಿಕೆಗೂ ಎಫ್‌ಎಸ್‌ಎಚ್ ನಿಜವಾಗಿಯೂ ಬೇಕೇ? ಇಲಿಯ ಮಾತನ್ನು ಕೋತಿಗೂ ಮನುಷ್ಯನಿಗೂ ಹಾಗೇ ಅನ್ವಯಿಸಬಾರದು, ವೀರ್ಯಾಣುವಿನ ಎಣಿಕೆಯಷ್ಟೇ ಅದರ ಗುಣವನ್ನೂ ನೋಡಬೇಕು ಎಂಬುದು ಅವರ ನಿಲುವು. ಆ ವಾದ ನನಗೆ ಒಪ್ಪಿಗೆಯಾಗುತ್ತದೆ. ಹುಟ್ಟಿನಿಂದಲೇ ಒಂದು ಹಾರ್ಮೋನು ಇಲ್ಲದ ಮೈ ಬೇರೆ ದಾರಿ ಹುಡುಕಿಕೊಂಡಿರಬಹುದು. ಪ್ರಾಯಕ್ಕೆ ಬಂದ ಮೇಲೆ ದಿಢೀರನೆ ಅದನ್ನು ಕಳೆದುಕೊಳ್ಳುವ ಮೈಗೆ ಆ ಅನುಕೂಲವಿಲ್ಲ. ಆದರೆ ಲಸಿಕೆ ಪಡೆದ ಐವರಲ್ಲಿ ಒಬ್ಬರ ವೀರ್ಯಾಣುವೂ ಸೊನ್ನೆಗೆ ಇಳಿಯಲಿಲ್ಲ ಎಂಬುದೂ ಅವರದೇ 1997ರ ಪ್ರಬಂಧದಲ್ಲಿದೆ, ಅದನ್ನು ಅವರು ಮುಚ್ಚಿಡಲಿಲ್ಲ. ಆ ಲಸಿಕೆ ಔಷಧಿ ಅಂಗಡಿಗೆ ಬರಲಿಲ್ಲ.

ಪ್ರಶ್ನೆ ಮಾತ್ರ ಚಿಕಿತ್ಸೆಯ ಕೋಣೆಯಲ್ಲಿ ಇನ್ನೂ ಕೆಲಸ ಮಾಡುತ್ತಿದೆ. ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ಬಿಡದ ಗಂಡಸರಿದ್ದಾರೆ. ಗೆಡ್ಡೆಯಿಂದ, ಶಸ್ತ್ರಕ್ರಿಯೆಯಿಂದ, ಕೆಲವರಿಗೆ ಹುಟ್ಟಿನಿಂದ. ಮಗು ಬೇಕೆಂದು ಬಂದ ಅವರಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಎಲ್‌ಎಚ್ ಕೆಲಸ ಮಾಡುವ ಎಚ್‌ಸಿಜಿ ಕೊಡುತ್ತಾರೆ. ಟೆಸ್ಟೊಸ್ಟಿರಾನ್ ಏರುತ್ತದೆ, ಮೀಸೆ ಗಡ್ಡ ಮೂಡುತ್ತದೆ, ಮೈಗೆ ಬಲ ಬರುತ್ತದೆ. ಕೆಲವರಿಗೆ ಅಷ್ಟರಲ್ಲೇ ವೀರ್ಯಾಣುವೂ ಕಾಣಿಸಿಕೊಳ್ಳುತ್ತದೆ. ಅನೇಕರಲ್ಲಿ, ಅದರಲ್ಲೂ ಹುಟ್ಟಿನಿಂದ ಈ ಕೊರತೆ ಇದ್ದವರಲ್ಲಿ, ಎಷ್ಟು ತಿಂಗಳು ಕಾದರೂ ಕಾಣಿಸುವುದಿಲ್ಲ. ಆಗ ಎರಡನೇ ಇಂಜೆಕ್ಷನ್ ಶುರುವಾಗುತ್ತದೆ, ಅದು ಎಫ್‌ಎಸ್‌ಎಚ್.